ಮಗಳ ಹೆಸರಿಲ್ಲದ ಪಟ್ಟಿ

2024ರ ಏಪ್ರಿಲ್ 26, ಶುಕ್ರವಾರ. ಬೆಳಿಗ್ಗೆ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು, ನಮ್ಮ ಯಜಮಾನರು, ಮಗಳು ಮೂವರೂ ಜಯನಗರದಲ್ಲಿ ಮೆಟ್ರೊ ಹತ್ತಿ ರಾಜಾಜಿನಗರದಲ್ಲಿ ಇಳಿದೆವು. ಲೋಕಸಭೆಗೆ ಓಟು ಹಾಕಬೇಕಿತ್ತು. ನಾವು ಜಯನಗರಕ್ಕೆ ಬಂದು ಎರಡು ವರ್ಷ ಆಗುತ್ತಾ ಬಂದಿತ್ತು. ಹೆಸರು ಮಾತ್ರ ಹಳೇ ಏರಿಯಾದಲ್ಲೇ ಇತ್ತು.

ಮತಗಟ್ಟೆಯಿಂದ ಸ್ವಲ್ಪ ದೂರದಲ್ಲಿ, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಹುಡುಗರು ಚೀಟಿ ಬರೆದುಕೊಡುತ್ತಿದ್ದರು. ಹಳೇ ಮನೆ ನಂಬರ್ ಹೇಳಿದೆ. ಒಬ್ಬ ಹುಡುಗ ಪಟ್ಟಿ ತಿರುವಿ ಮೂರು ಚೀಟಿ ಕೊಟ್ಟ. ಒಂದು ನನ್ನದು, ಒಂದು ಇವರದು. ಮೂರನೆಯದು ಮಾವನವರದು. ಮಾವ ತೀರಿಕೊಂಡು ಆಗಲೇ ಮೂರು ವರ್ಷ. ಇವರು ಆ ಚೀಟಿ ನೋಡಿ ಏನೂ ಮಾತಾಡದೆ ಮಡಚಿ ಜೇಬಿಗೆ ಹಾಕಿಕೊಂಡರು.

"ಇನ್ನೊಂದು ಹೆಸರು ಇದೆಯಾ ನೋಡಪ್ಪಾ" ಅಂತ ಮಗಳ ಹೆಸರು ಹೇಳಿದೆ. ಇರೋದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಕೇಳಿದೆ. ಅವನು ಇನ್ನೊಮ್ಮೆ ಪಟ್ಟಿಯ ಮೇಲೆ ಬೆರಳಾಡಿಸಿ, "ಇಲ್ಲ ಆಂಟಿ" ಅಂದ.

ಮೊಬೈಲ್ ಒಳಗೆ ತೆಗೆದುಕೊಂಡು ಹೋಗುವ ಹಾಗಿರಲಿಲ್ಲ. ನಮ್ಮಿಬ್ಬರ ಫೋನ್ ಹಿಡಿದುಕೊಂಡು ಮಗಳು ಆ ಮರದ ಕೆಳಗೇ ನಿಂತಳು. ನಾವು ಓಟು ಹಾಕಿ ಬಂದಾಗ ನನ್ನ ಎಡಗೈ ತೋರುಬೆರಳು ಹಿಡಿದು ಶಾಯಿ ನೋಡಿದಳು. "ಮೈಸೂರಿನದು ಅಲ್ವಾ?" ಅಂದಳು. 1962ರ ಚುನಾವಣೆಯಿಂದಲೂ ಈ ಶಾಯಿ ತಯಾರಾಗೋದು ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ಅಂತ ಅವಳಿಗೆ ಹೇಳಿಕೊಟ್ಟಿದ್ದು ನಾನೇ. ಚಿಕ್ಕವಳಿದ್ದಾಗ ಪ್ರತಿ ಸಲ ಓಟು ಹಾಕಿ ಬಂದು ಅವಳಿಗೆ ಬೆರಳು ತೋರಿಸುತ್ತಿದ್ದೆ. ತನಗೂ ಬೇಕು ಅಂತ ಹಟ ಮಾಡುತ್ತಿದ್ದಳು. "ಹದಿನೆಂಟಾಗಲಿ ಪುಟ್ಟಾ" ಅನ್ನುತ್ತಿದ್ದೆ.

2023ರ ನವೆಂಬರ್‌ನಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು.

ಏನಾಯಿತು ಅಂತ ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಮೊಬೈಲಿನಲ್ಲಿ ಅವಳ ಅರ್ಜಿ ತುಂಬಲು ಕೂತೆ. ಹೊಸ ಮತದಾರರಿಗೆ ನಮೂನೆ 6. ಅರ್ಧ ತುಂಬಿದೆ. ಫೋಟೊ ಹಾಕುವಾಗ ಸೈಜ್ ಜಾಸ್ತಿ ಆಯಿತು ಅಂತ ನಿಂತುಹೋಯಿತು. ಭಾನುವಾರ ನೋಡೋಣ ಅಂದುಕೊಂಡೆ. ಆಮೇಲೆ ಪಿಯು ಪ್ರಿಪರೇಟರಿ ಶುರುವಾಯಿತು. ಮಾರ್ಚ್ ಒಂದರಿಂದ ಪಬ್ಲಿಕ್ ಪರೀಕ್ಷೆ. ಏಪ್ರಿಲ್ 18, 19ಕ್ಕೆ ಸಿಇಟಿ. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮಾರ್ಚ್ 16ಕ್ಕೆ ಚುನಾವಣೆ ಘೋಷಣೆ ಆದಾಗಲೂ ನನಗೆ ಗಾಬರಿ ಆಗಲಿಲ್ಲ. ಓಟಿನ ದಿನಕ್ಕೆ ಇನ್ನೂ ನಲವತ್ತು ದಿನ ಇದೆಯಲ್ಲ ಅಂದುಕೊಂಡೆ. ಆದರೆ ಹೆಸರು ಸೇರಿಸುವ ಗಡುವು ಓಟಿನ ದಿನದ ಲೆಕ್ಕದಲ್ಲಿ ಇರೋದಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನಕ್ಕಿಂತ ಸುಮಾರು ಹತ್ತು ದಿನ ಮುಂಚೆಯೇ ಮುಗಿದುಹೋಗುತ್ತದೆ. ನಮಗೆ ನಾಮಪತ್ರದ ಕೊನೆಯ ದಿನ ಏಪ್ರಿಲ್ 4. ಅಂದರೆ ಮಾರ್ಚ್ ಕೊನೆಯ ವಾರಕ್ಕೇ ಬಾಗಿಲು ಮುಚ್ಚಿತ್ತು. ನನಗೆ ಅದು ತಿಳಿದದ್ದು ಏಪ್ರಿಲ್ ಎರಡನೇ ವಾರ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಪ್ರತಿ ತಿಂಗಳು 7ಕ್ಕೆ ಟಿಡಿಎಸ್, 20ಕ್ಕೆ ಜಿಎಸ್‌ಟಿ. ಇಪ್ಪತ್ತು ವರ್ಷದಲ್ಲಿ ಒಂದು ಗಡುವು ತಪ್ಪಿಸಿದವಳಲ್ಲ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಸಿಇಟಿ ಅರ್ಜಿಯ ಕೊನೆಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದೆ. ಮೆಟ್ರೊದಲ್ಲಿ ವಾಪಸ್ ಬರುವಾಗ ಮಗಳು ಕೇಳಿದ್ದೂ ಅದನ್ನೇ. ಕೋಪದಿಂದ ಅಲ್ಲ, ಮೆಲ್ಲಗೆ ಕೇಳಿದಳು. "ಸಿಇಟಿಗೆ ಸುತ್ತು ಹಾಕಿದ್ದೆ ಅಲ್ವಾ ಅಮ್ಮಾ. ಇದಕ್ಕೆ ಯಾಕೆ ಹಾಕಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ಊರಿಂದ ಅವ್ವ ಫೋನ್ ಮಾಡಿದಳು. ಅವ್ವ ಇರೋದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. ಎಪ್ಪತ್ತಾರು ವರ್ಷ. ಬೆಳಿಗ್ಗೆ ಏಳಕ್ಕೇ ಹೋಗಿ ಓಟು ಹಾಕಿ ಬಂದಿದ್ದಳು. "ಮೊಗ ಓಟ್ ಹಾಕ್ತಾ?" ಅಂದಳು. ಹೆಸರು ಬಂದಿಲ್ಲ ಅವ್ವ ಅಂದೆ. "ಅದೆಂಗೆ ಬರಕಿಲ್ಲ? ಬರೆಸ್ನಿಲ್ವಾ ನೀನು?"

ಬರೆಸಲಿಲ್ಲ. ಅಷ್ಟೇ.

ಆ ಮಾತು ರಾತ್ರಿಯೆಲ್ಲ ಕೊರೆಯಿತು. ನನ್ನ ಹೆಸರು ಪಟ್ಟಿಗೆ ಹೇಗೆ ಸೇರಿತು ಅಂತ ಯೋಚಿಸಿದೆ. ನನಗೆ ಗೊತ್ತೇ ಇರಲಿಲ್ಲ! ಅಪ್ಪ ಊರಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿದ್ದರು. ಮತದಾರರ ಪಟ್ಟಿ ಬರೆಯುವ ಕೆಲಸವೂ ಅವರ ಪಾಲಿಗೆ ಬರುತ್ತಿತ್ತು. ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ, ಜಗಲಿ ಮೇಲೆ ಕೂತು ಹೆಸರು ಬರೆದುಕೊಳ್ಳುತ್ತಿದ್ದರು. 1989ರ ಮಾರ್ಚ್‌ನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಾಗ ಅಪ್ಪನಿಗೆ ಆದ ಸಂತೋಷ ನನಗೆ ಚೆನ್ನಾಗಿ ನೆನಪಿದೆ. ಅಣ್ಣನಿಗೆ ಆಗ ಹತ್ತೊಂಬತ್ತು. ಆ ವರ್ಷದ ಲೋಕಸಭಾ ಚುನಾವಣೆಗೆ ಅವನನ್ನು ಪಕ್ಕದಲ್ಲೇ ಕರೆದುಕೊಂಡು ಹೋಗಿದ್ದರು. 1996ರಲ್ಲಿ ನನ್ನ ಸರದಿ. ಹೋದೆ, ಹೆಸರಿತ್ತು, ಹಾಕಿದೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ರಾಜಾಜಿನಗರದ ಪಟ್ಟಿಗೆ ಮಾವ ಸೇರಿಸಿದರು. ಒಂದು ದಿನ ಗುರುತಿನ ಚೀಟಿ ತಂದು ಕೈಗೆ ಕೊಟ್ಟರು, ನಾನು ಪರ್ಸಿನಲ್ಲಿ ಇಟ್ಟುಕೊಂಡೆ. ಈ ಕೆಲಸಕ್ಕಾಗಿ ಒಂದು ಅರ್ಜಿಯನ್ನೂ ನಾನು ಬರೆದವಳಲ್ಲ. ನನಗೋಸ್ಕರ ಇಬ್ಬರು ಹಿರಿಯರು ಬರೆದಿದ್ದರು. ನನ್ನ ಸರದಿ ಬಂದಾಗ ನಾನು ಬರೆಯಲಿಲ್ಲ.

ಊಟಕ್ಕೆ ಕೂತಾಗ ರಾಜಕೀಯ ಮಾತಾಡುವ ಮನೆ ನಮ್ಮದು. ಮಗಳ ಜೊತೆ ಸಂವಿಧಾನ, ಮೀಸಲಾತಿ, ಕಾವೇರಿ, ತೆರಿಗೆ ಪಾಲು, ಎಲ್ಲದರ ಬಗ್ಗೆಯೂ ವಾದ ಮಾಡಿದ್ದೇನೆ. ಅಷ್ಟು ಸಾಕು, ಮಗುವನ್ನು ಸರಿಯಾಗಿ ಬೆಳೆಸುತ್ತಿದ್ದೇನೆ ಅಂದುಕೊಂಡಿದ್ದೆ.

ಮತದಾನದ ಅಂಕಿ ಬಂದಾಗ ಮನಸ್ಸು ಇನ್ನೂ ಭಾರವಾಯಿತು. ಬೆಂಗಳೂರು ದಕ್ಷಿಣದಲ್ಲಿ ಶೇ 53, ಕೇಂದ್ರ ಮತ್ತು ಉತ್ತರದಲ್ಲಿ ಶೇ 54ರ ಆಸುಪಾಸು. ಅವ್ವನ ಮಂಡ್ಯದಲ್ಲಿ ಶೇ 81 ದಾಟಿತ್ತು. ಇಲ್ಲಿ ಶುಕ್ರವಾರ ಸಂಬಳ ಸಹಿತ ರಜೆ ಇತ್ತು, ಮೆಟ್ರೊ ಇತ್ತು, ಓಟು ಹಾಕಿ ಬಂದವರಿಗೆ ನೃಪತುಂಗ ರಸ್ತೆಯ ಹೋಟೆಲೊಂದರಲ್ಲಿ ಬೆಣ್ಣೆ ದೋಸೆ ಪುಕ್ಕಟೆ ಇತ್ತು. ಆದರೂ ಅರ್ಧಕ್ಕರ್ಧ ಊರು ಬರಲಿಲ್ಲ. ಹಿಂದೆಲ್ಲ ಈ ಸುದ್ದಿ ಓದಿ ಬರದೇ ಇದ್ದವರನ್ನು ಬೈಯುತ್ತಿದ್ದೆ. ಈ ಸಲ ಬಾಯಿ ಬರಲಿಲ್ಲ. ಬರಲಿಲ್ಲ ಅಂತ ಲೆಕ್ಕಕ್ಕೆ ಬರಬೇಕಾದರೂ ಪಟ್ಟಿಯಲ್ಲಿ ಹೆಸರಿರಬೇಕು. ನನ್ನ ಮಗಳು ಆ ಲೆಕ್ಕದಲ್ಲೂ ಇಲ್ಲ.

ಜೂನ್ 2ಕ್ಕೆ ಬೆಂಗಳೂರಿನಲ್ಲಿ ಭಾರಿ ಮಳೆ. ಒಂದೇ ದಿನ 111 ಮಿಲಿಮೀಟರ್, ಜೂನ್ ತಿಂಗಳಲ್ಲಿ 133 ವರ್ಷಗಳಿಂದ ಅಷ್ಟು ಬಿದ್ದಿರಲಿಲ್ಲವಂತೆ. ನಮ್ಮ ಬೀದಿಯಲ್ಲೇ ಒಂದು ಮರ ಉರುಳಿತ್ತು. ಜೂನ್ 4ಕ್ಕೆ ಅದರ ಕೊಂಬೆಗಳು ಇನ್ನೂ ರಸ್ತೆ ಬದಿಯಲ್ಲೇ ಬಿದ್ದಿದ್ದವು. ಆವತ್ತು ಫಲಿತಾಂಶ.

ನಾನು ಯಾರಿಗೆ ಹಾಕಿದೆ ಅನ್ನೋದು ಈ ಬರಹಕ್ಕೆ ಬೇಡ. ನಾನು ಬಯಸಿದ ಹಾಗೆ ಆಗಲಿಲ್ಲ. ಸೋಲು ನನಗೆ ಹೊಸದೂ ಅಲ್ಲ. ಯಾವ ಪಕ್ಷಕ್ಕೂ ಒಂದಕ್ಕೇ ಬಹುಮತದ 272 ಬಂದಿರಲಿಲ್ಲ, ರಾತ್ರಿಯವರೆಗೂ ಟಿವಿಯಲ್ಲಿ ಕೂಡಿ ಕಳೆಯುವ ಲೆಕ್ಕ ನಡೆಯುತ್ತಿತ್ತು. ಇವರು ಬೇಜಾರಾಗಿ ಎದ್ದು ಹೋದರು. ಮಗಳು ಮಾತ್ರ ಫೋನ್ ನೋಡುತ್ತಾ ಕೂತಿದ್ದಳು. "64 ಕೋಟಿ ಜನ ಹಾಕಿದ್ದಾರಂತೆ ಅಮ್ಮಾ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬಿಡು, ಬೆಂಗಳೂರು ದಕ್ಷಿಣದಲ್ಲಿ ಗೆದ್ದಿರೋ ಅಂತರವೇ 2.77 ಲಕ್ಷ. ನಾನೊಬ್ಬಳು ಹಾಕಿದ್ದರೆ ಏನಾಗ್ತಿತ್ತು?" ಅಂದಳು.

ನನ್ನನ್ನು ಸಮಾಧಾನ ಮಾಡಲು ಹಾಗಂದಳು ಅಂತ ಗೊತ್ತಾಯಿತು. ಆದರೆ ಹದಿನೆಂಟರ ಹುಡುಗಿ ಆ ಮಾತನ್ನು ನಂಬಿಬಿಟ್ಟರೆ ಗತಿಯೇನು ಅಂತ ಭಯವಾಯಿತು. ಸಂತೇಮರಹಳ್ಳಿ ವಿಷಯ ಹೇಳಿದೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಅದು ಹಳೇ ಕಥೆ ಅಂದಳು. ಹಾಗಾದರೆ ನಮ್ಮ ಜಯನಗರದ್ದೇ ನೋಡು ಅಂದೆ. 2023ರ ಮೇ 13ರಂದು ಇಡೀ ರಾಜ್ಯದ ಎಣಿಕೆ ಮುಗಿದರೂ ಜಯನಗರದ್ದು ಮುಗಿದಿರಲಿಲ್ಲ. ಮತ್ತೆ ಎಣಿಸಿ, ತಡರಾತ್ರಿ ಫಲಿತಾಂಶ ಹೇಳಿದರು. ಅಂತರ 16 ಓಟು.

ಅವಳು ಫೋನ್ ಕೆಳಗಿಟ್ಟಳು. "ಆವಾಗ ನಾವು ಇಲ್ಲೇ ಇದ್ವಿ ಅಲ್ವಾ?"

ಇದ್ದೆವು. ಎಣಿಕೆ ನಡೆದ ಕಾಲೇಜು ಮನೆಯಿಂದ ದೂರವೇನಲ್ಲ. ಆ ರಾತ್ರಿ ಆ ಕಡೆಯಿಂದ ಘೋಷಣೆ ಕೂಗುವ ಸದ್ದು ಕೇಳಿದ್ದೆವು. ಆದರೆ ನಾವಿಬ್ಬರೂ ಓಟು ಹಾಕಿದ್ದು ರಾಜಾಜಿನಗರದಲ್ಲಿ. "ಅಂದ್ರೆ ನೀವಿಬ್ಬರೂ ಇಲ್ಲಿ ಹಾಕಿದ್ದರೆ ಅದು ಹದಿನಾಲ್ಕೋ ಹದಿನೆಂಟೋ ಆಗ್ತಿತ್ತು" ಅಂದಳು. ನಮ್ಮ ಬೀದಿಯ ಚರಂಡಿ, ನಮ್ಮ ವಾರ್ಡಿನ ಪಾರ್ಕು, ಅವಳು ಓಡಾಡುವ ಫುಟ್‌ಪಾತು, ಇದನ್ನೆಲ್ಲ ವಿಚಾರಿಸುವ ಶಾಸಕರನ್ನು ಆರಿಸುವಾಗ ನಾವು ಮೆಟ್ರೊ ಹತ್ತಿ ಬೇರೆ ಕಡೆ ಹೋಗಿದ್ದೆವು. ಅವಳು ಲೆಕ್ಕ ಹೇಳುವವರೆಗೂ ನನಗೆ ಇದು ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಮೂವರೂ ಊಟದ ಮೇಜಿನ ಮುಂದೆ ಕೂತೆವು. ಈ ಸಲ ಮೊಬೈಲ್ ಅಲ್ಲ, ಲ್ಯಾಪ್‌ಟಾಪ್.

ಮೊದಲು ಮಾವನವರದು. ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ಅದನ್ನು ಕೊಡುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಹಾಗಾಗಿ ನಾವು ರಾಜಾಜಿನಗರದಿಂದ ಹೆಸರು ಬಿಡಿಸಿಕೊಳ್ಳುವ ಮುಂಚೆಯೇ ಅದು ಆಗಬೇಕಿತ್ತು. ಇವರೇ ತುಂಬಿದರು. ಮರಣ ಪ್ರಮಾಣಪತ್ರ ಹಾಕಿದರು. ಕಾರಣ ಅನ್ನೋ ಕಡೆ 'ಮರಣ' ಅಂತ ಆರಿಸಿ ಬಹಳ ಹೊತ್ತು ಸುಮ್ಮನೆ ಕೂತರು. ಏಪ್ರಿಲ್‌ನಲ್ಲಿ ಸಿಕ್ಕಿದ ಆ ಚೀಟಿ ಇನ್ನೂ ಅವರ ಪರ್ಸಿನಲ್ಲೇ ಇತ್ತು. ಮಾವ ಯಾವತ್ತೂ ಓಟು ತಪ್ಪಿಸಿದವರಲ್ಲ. 2019ರಲ್ಲಿ ಮಂಡಿ ನೋವಿಗೆ ಕೋಲೂರಿಕೊಂಡು ಹೋಗಿದ್ದರು. "ಕಳಿಸಿಬಿಡಿ ಅಪ್ಪಾ" ಅಂತ ಕೊನೆಗೆ ಮಗಳೇ ಹೇಳಿದಳು.

ಆಮೇಲೆ ನಮ್ಮಿಬ್ಬರದು. ಮನೆ ಬದಲಾಯಿಸಿದವರಿಗೆ ನಮೂನೆ 8. ಬೇರೆ ಕ್ಷೇತ್ರಕ್ಕೆ ಹೋಗುವವರು ಹೊಸದಾಗಿ ನಮೂನೆ 6 ಕೊಡುವುದು ಮೊದಲಿನ ಪದ್ಧತಿ, 2022ರಿಂದ ಅದಕ್ಕೂ ನಮೂನೆ 8ನ್ನೇ ಮಾಡಿದ್ದಾರೆ. ಗುರುತಿನ ಚೀಟಿಯ ನಂಬರ್ ಬದಲಾಗುವುದಿಲ್ಲ. ಸುಲಭ ಅನ್ನಿಸಿತು, ವಿಳಾಸದ ದಾಖಲೆ ಕೇಳುವವರೆಗೆ. ಬಾಡಿಗೆ ಕರಾರು ಇದೆಯಲ್ಲ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ನಾವೆಲ್ಲ ಮಾಡಿಸೋದು ಹನ್ನೊಂದು ತಿಂಗಳ ಕರಾರು. ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ, ನೋಟರಿ ಸಹಿ ಹಾಕಿಸಿದರೆ ಮುಗಿಯಿತು. ಇಲ್ಲಿ ಕೇಳೋದು ನೋಂದಣಿಯಾದ ಕರಾರು. ಕರೆಂಟ್ ಬಿಲ್, ನೀರಿನ ಬಿಲ್ ಎರಡೂ ಮನೆ ಓನರ್ ಹೆಸರಿನಲ್ಲಿ. ನಮ್ಮ ಆಧಾರ್‌ನಲ್ಲಿ ಇನ್ನೂ ರಾಜಾಜಿನಗರ. ಬಾಡಿಗೆ ಮನೆಯವರಿಗೆ ಈ ಊರಲ್ಲಿ ಇದ್ದೇವೆ ಅಂತ ತೋರಿಸೋದೇ ಒಂದು ಕಷ್ಟ. ಎರಡು ವರ್ಷಕ್ಕೊಂದು ಮನೆ ಬದಲಾಯಿಸುವವರ ಪಾಡೇನು, ಊರೂರಿಂದ ಬಂದು ಶೆಡ್ಡಿನಲ್ಲಿರುವ ಕಟ್ಟಡ ಕೆಲಸದವರ ಪಾಡೇನು ಅಂತ ನಿಜವಾಗಿಯೂ ಸಂಕಟವಾಯಿತು. ಶೇ 53ರ ಹಿಂದೆ ಇಂಥವೂ ಇರಬಹುದು.

ನಮಗೆ ದಾರಿ ತೋರಿಸಿದ್ದು ಗ್ಯಾಸ್ ಪುಸ್ತಕ. ಗ್ಯಾಸ್ ನನ್ನ ಹೆಸರಿನಲ್ಲಿದೆ. ಜಯನಗರಕ್ಕೆ ಬಂದ ವಾರವೇ ವಿಳಾಸ ಬದಲಾಯಿಸಿದ್ದೆ. ಒಲೆ ಉರಿಯಬೇಕಲ್ಲ, ಅದಕ್ಕೆ ಮಾತ್ರ ತಡ ಮಾಡಿರಲಿಲ್ಲ. ಅದನ್ನು ಹಾಕಿ ನನ್ನ ಅರ್ಜಿ ಕಳಿಸಿದೆ. ಅದರ ಜೊತೆಗೇ ಇವರದು. ಮಗಳದನ್ನು ಬೇಕೆಂದೇ ತಡೆದೆವು. ನನ್ನ ಹೆಸರು ಈ ವಿಳಾಸಕ್ಕೆ ಬಂದ ಮೇಲೆ ಅವಳಿಗೆ ತಾಯಿಯ ದಾಖಲೆಯನ್ನೇ ಕೊಡಬಹುದಿತ್ತು.

ಮತಗಟ್ಟೆ ಮಟ್ಟದ ಅಧಿಕಾರಿ, ಎಲ್ಲರ ಬಾಯಲ್ಲಿ ಬಿಎಲ್‌ಒ, ಒಂದು ಶನಿವಾರ ಮಧ್ಯಾಹ್ನ ಮನೆಗೆ ಬಂದರು. ಸರ್ಕಾರಿ ಶಾಲೆಯ ಟೀಚರ್. ಹೆಗಲಲ್ಲಿ ಬಟ್ಟೆ ಚೀಲ, ಅದರ ತುಂಬ ಕಾಗದ. ಒಂದು ಕ್ಷಣ ಅಪ್ಪನೇ ಬಂದ ಹಾಗಾಯಿತು. ಮಜ್ಜಿಗೆ ಕೊಟ್ಟೆ. ತಮ್ಮ ಭಾಗದಲ್ಲಿ ಸಾವಿರಕ್ಕೂ ಮೇಲೆ ಹೆಸರುಗಳಿವೆ ಅಂದರು. "ಬೀಗ ಹಾಕಿದ ಮನೆಗೆ ಮೂರು ಮೂರು ಸಲ ಹೋಗ್ತೀನಿ ಮೇಡಂ. ಅಪಾರ್ಟ್‌ಮೆಂಟಲ್ಲಿ ಸೆಕ್ಯೂರಿಟಿಯವರು ಗೇಟಲ್ಲೇ ನಿಲ್ಲಿಸ್ತಾರೆ. ತೀರಿಕೊಂಡವರದು ಯಾರೂ ಹೇಳೋದೇ ಇಲ್ಲ" ಅಂದರು. ಇವರು ತಲೆ ತಗ್ಗಿಸಿದರು. ಟೀಚರ್‌ಗೆ ನಮ್ಮ ವಿಷಯ ಗೊತ್ತಿರಲಿಲ್ಲ ಪಾಪ.

ನಮ್ಮ ಹೆಸರು ಬದಲಾಗಿ ಮೆಸೇಜ್ ಬಂದಾಗ ಜುಲೈ ಶುರುವಾಗಿತ್ತು. ಅವತ್ತು ರಾತ್ರಿಯೇ ಮಗಳು ತನ್ನ ನಮೂನೆ 6 ತುಂಬಿದಳು. ನಾನು ತುಂಬಿಕೊಡುತ್ತೇನೆ ಅಂದೆ. ಬೇಡ ಅಂದಳು. ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ವಿಳಾಸಕ್ಕೆ ಗ್ಯಾಸ್ ಪುಸ್ತಕ. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡದಲ್ಲಿ ತಾನಾಗೇ ಬರುತ್ತದೆ. ಅದನ್ನು ಹಾಗೇ ಬಿಡಬಾರದು. ಅವಳ ಹೆಸರಿನಲ್ಲಿ ಒಂದು ದೀರ್ಘ ತಪ್ಪಿತ್ತು, ತಿದ್ದಿದಳು.

ಸಂಬಂಧಿಕರ ಹೆಸರು ಅನ್ನೋ ಕಡೆ ಬಂದು ನಿಂತಳು. ತಂದೆ, ತಾಯಿ, ಗಂಡ, ಹೀಗೆ ಯಾರಾದರೂ ಒಬ್ಬರು. ನಾನು 'ತಂದೆ' ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು 'ತಾಯಿ' ಆರಿಸಿದ್ದಳು. ಇವರು ನಕ್ಕು, "ಸರಿಯಾಗೇ ಇದೆ" ಅಂದರು. ನನಗೆ ಎಂದೋ ಓದಿದ್ದು ನೆನಪಾಗಿ ಅವಳಿಗೆ ಹೇಳಿದೆ. 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಬಹಳ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಲೇ ಬರೆಸಿದರು. ಹಾಗೆ ಬರೆಯಲು ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಮಗಳು ಕೇಳಿಸಿಕೊಂಡು, ತೆರೆಯ ಮೇಲಿದ್ದ ತನ್ನ ಹೆಸರನ್ನು, ಅದರ ಕೆಳಗಿದ್ದ ನನ್ನ ಹೆಸರನ್ನು ಇನ್ನೊಮ್ಮೆ ಓದಿದಳು. ಆಮೇಲೆ ಕಳಿಸಿದಳು.

ಅದೇ ಟೀಚರ್ ಮತ್ತೆ ಬಂದರು. ಅವರು ಪ್ರಶ್ನೆ ಕೇಳಿದ್ದು ನನ್ನನ್ನಲ್ಲ. ನಾನು ಉತ್ತರ ಕೊಡಲು ಹೋದರೆ, "ಅವಳೇ ಹೇಳ್ಲಿ ಮೇಡಂ" ಅಂದರು. ಹುಟ್ಟಿದ್ದು ಯಾವಾಗ, ಇಲ್ಲಿ ಎಷ್ಟು ದಿನದಿಂದ ಇದ್ದೀಯ, ಬೇರೆ ಎಲ್ಲಾದರೂ ಹೆಸರಿದೆಯಾ. ಮಗಳು ನೆಟ್ಟಗೆ ಕೂತು ಹೇಳಿದಳು. ಆಕ್ಷೇಪಣೆಗೆ ಒಂದು ವಾರ ಕಾಯಬೇಕು, ಆಮೇಲೆ ಆಗುತ್ತದೆ ಅಂದು ಟೀಚರ್ ಎದ್ದರು. ಹೊರಡುವಾಗ ಪಕ್ಕದ ಮನೆ ಹುಡುಗನ ಬಗ್ಗೆ ಕೇಳಿದರು. ಅವನಿಗೆ ಸೆಪ್ಟೆಂಬರ್‌ಗೆ ಹದಿನೆಂಟು. ಮೊದಲೆಲ್ಲ ಜನವರಿ 1ಕ್ಕೆ ಹದಿನೆಂಟಾಗಿರಬೇಕಿತ್ತು, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ನಡೆಯುತ್ತದೆ, ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು ಅಂತ ವಿವರಿಸಿದರು. ಮಗಳು ಅವನ ಮನೆಗೆ ಆ ಸಂಜೆಯೇ ಹೋಗಿ ಹೇಳಿ ಬಂದಳು. ಇದು ನನಗೆ ಆಮೇಲೆ ಅವನ ಅಮ್ಮ ಹೇಳಿ ಗೊತ್ತಾಯಿತು.

ಆಗಸ್ಟ್ ಕೊನೆಯಲ್ಲಿ ಸ್ಪೀಡ್ ಪೋಸ್ಟ್ ಬಂತು. ಅವಳ ಗುರುತಿನ ಚೀಟಿ. ಹೆಸರಿನ ದೀರ್ಘ ಸರಿಯಾಗಿತ್ತು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಮೊದಲು ಯಾವ ಓಟಿಗೆ ಉಪಯೋಗಿಸೋದು?" ಅಂದಳು. ನಿಜ ಹೇಳಬೇಕಾಯಿತು. ಆ ಹೊತ್ತಿಗೆ ಬೆಂಗಳೂರು ಪಾಲಿಕೆಗೆ ಕೊನೆಯ ಸಲ ಚುನಾವಣೆ ಆಗಿದ್ದು 2015ರ ಆಗಸ್ಟ್‌ನಲ್ಲಿ. ಅವಳಿಗಾಗ ಒಂಬತ್ತು ವರ್ಷ. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅಲ್ಲಿಂದ ಆವತ್ತಿನವರೆಗೆ ಈ ಊರಿನಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಕಸ, ಗುಂಡಿ, ಮೊನ್ನೆ ಬಿದ್ದ ಮರ, ಯಾವುದಕ್ಕೂ ನಾವು ಆರಿಸಿ ಕಳಿಸಿದವರು ಅಂತ ಹೇಳಿಕೊಳ್ಳಲು ವಾರ್ಡಿನಲ್ಲಿ ಯಾರೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೇ. ಮಕ್ಕಳ ಕೈಗೆ ಚೀಟಿ ಕೊಟ್ಟು, ಚುನಾವಣೆಯನ್ನೇ ಮಾಡದೆ ಕೂರುವುದು ದೊಡ್ಡ ಅನ್ಯಾಯ.

ಅವ್ವನಿಗೆ ಫೋನ್ ಮಾಡಿದೆವು. ಮೊಮ್ಮಗಳೇ ಮಾತಾಡಿದಳು. ಚೀಟಿ ಬಂತು ಅಂತ ಕೇಳಿ ಅವ್ವ ಖುಷಿಪಟ್ಟಳು, ತಕ್ಷಣ "ಯಾವ ಬೂತು?" ಅಂದಳು. ಮಗಳು ನನ್ನ ಮುಖ ನೋಡಿದಳು. ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕಿತು. ಎರಡು ಅಡ್ಡರಸ್ತೆ ದಾಟಿದರೆ ಒಂದು ಸರ್ಕಾರಿ ಶಾಲೆ, ಅದೇ ನಮ್ಮ ಮತಗಟ್ಟೆ. ಎರಡು ವರ್ಷದಿಂದ ಅದರ ಮುಂದೆಯೇ ತರಕಾರಿಗೆ ಹೋಗುತ್ತಿದ್ದೇನೆ.

ಸಂಜೆ ಮಳೆ ನಿಂತ ಮೇಲೆ ಇಬ್ಬರೂ ನಡೆದುಕೊಂಡು ಹೋದೆವು. ಗೇಟಿಗೆ ಬೀಗ ಹಾಕಿತ್ತು. ಒಳಗೆ ನೀರು ನಿಂತ ಅಂಗಳ, ಉದ್ದ ಜಗಲಿ, ನಾಲ್ಕು ಕೋಣೆ. ಮಗಳು ಕಂಬಿ ಹಿಡಿದು ಇಣುಕಿ, "ಎಡಗಡೆ ಎರಡನೇ ಕೋಣೆ ಇರಬೇಕು" ಅಂದಳು. ನಾನೂ ಇಣುಕಿದೆ. ಆ ಕೋಣೆಯ ಕಿಟಕಿ ತೆರೆದಿತ್ತು. ಬೋರ್ಡಿನ ಮೇಲೆ ಯಾರೋ ಮಗ್ಗಿ ಬರೆದು ಅಳಿಸದೆ ಹೋಗಿದ್ದರು.